ಹುಳುವಿನ ಜ್ವರ, ಮಗುವಿನ ಜ್ವರ

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ.

"ಮಿಸ್, ಮಗಳಿಗೆ ಮೈ ಬಿಸಿ ಆಗೈತೆ. ಬೆಳಗ್ಗೆವರೆಗೂ ನೋಡಾಣ ಅಂತಾರೆ ಇವ್ರು."

"ಬೇಡಮ್ಮ. ಥರ್ಮಾಮೀಟರ್ ಎಷ್ಟು ತೋರಿಸ್ತಿದೆ?"

"ನೂರೊಂದು."

"ಫೈಲು ಬ್ಯಾಗಿಗೆ ಹಾಕು. ಗಾಡಿ ಕಳಿಸ್ತೀನಿ. ಜ್ವರದ ಮಾತ್ರೆ ಏನೂ ಕೊಡಬೇಡ, ಡಾಕ್ಟರನ್ನ ಕೇಳೋವರೆಗೂ."

ಬೇರೆ ಮನೆಯಲ್ಲಾಗಿದ್ದರೆ ಒಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುತ್ತಿದ್ದರು. ಆದರೆ ಈ ಹುಡುಗಿಗೆ ಏಳು ವರ್ಷ, ಬ್ಲಡ್ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿತ್ತು. ಕೀಮೋ ಔಷಧಿ ಕೆಟ್ಟ ಕಣಗಳ ಜೊತೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೂ ಇಳಿಸಿಬಿಡುತ್ತದೆ. ಆಸ್ಪತ್ರೆಯಲ್ಲಿ ಎಲ್ಲರೂ ಅದಕ್ಕೆ "ಕೌಂಟ್ ಬಿದ್ದಿದೆ" ಅನ್ನುತ್ತಾರೆ. ಕೌಂಟ್ ಬಿದ್ದಾಗ ಬರುವ ಜ್ವರಕ್ಕೆ ಬೆಳಗಾಗುವವರೆಗೂ ಕಾಯುವ ತಾಳ್ಮೆ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಸೋಂಕು ರಕ್ತಕ್ಕೆಲ್ಲ ಹರಡಬಹುದು. 100.4 ಡಿಗ್ರಿ ದಾಟಿ ನಿಂತರೆ ಹೊರಡಿ ಎಂದೇ ತಾಯಂದಿರಿಗೆ ಹೇಳಿಕೊಟ್ಟಿರುತ್ತಾರೆ. ಆಸ್ಪತ್ರೆಗೆ ಕಾಲಿಟ್ಟ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು ಅನ್ನುವುದು ವೈದ್ಯರು ಇಟ್ಟುಕೊಂಡ ಲೆಕ್ಕ.

ಶಿಡ್ಲಘಟ್ಟದ ಹಳ್ಳಿಯಿಂದ ಬೆಂಗಳೂರಿನ ಹೊಸೂರು ರಸ್ತೆಯ ಆಸ್ಪತ್ರೆಗೆ ರಾತ್ರಿ ಹೊತ್ತು ಹೋಗುವುದು ಹೇಗೆ? ನಮ್ಮ ಗುಂಪು ಇರುವುದೇ ಇಂಥ ಪ್ರಶ್ನೆಗಳಿಗೆ.

ನಾವು ಹನ್ನೊಂದು ಜನ. ಎಲ್ಲರೂ ಚಿಕ್ಕಬಳ್ಳಾಪುರದ ಸುತ್ತಮುತ್ತಲಿನವರು. ಇಬ್ಬರು ನನ್ನಂತೆ ನಿವೃತ್ತ ಟೀಚರ್‌ಗಳು. ಒಬ್ಬರಿಗೆ ಮೆಡಿಕಲ್ ಸ್ಟೋರ್ ಇದೆ. ಒಬ್ಬರು ಹೂವಿನ ವ್ಯಾಪಾರದವರು, ಹಬ್ಬದ ಸೀಸನ್ ಮುಗಿದ ಮೇಲೆ ಒಂದಿಷ್ಟು ದುಡ್ಡು ತಂದು ಮೇಜಿನ ಮೇಲಿಟ್ಟು ಮಾತಾಡದೆ ಹೋಗುತ್ತಾರೆ. ಸ್ವಂತ ಕಾರು ಬಾಡಿಗೆಗೆ ಓಡಿಸುವ ಒಬ್ಬ ಹುಡುಗನಿದ್ದಾನೆ, ಅವತ್ತು ರಾತ್ರಿ ಹೋದವನು ಅವನೇ. ನಮಗೆ ಆಫೀಸಿಲ್ಲ, ಬೋರ್ಡಿಲ್ಲ. ನನ್ನ ಮನೆಯ ಊಟದ ಮೇಜೇ ಎಲ್ಲ. ಅದರ ಮೇಲೆ ಉದ್ದನೆಯ ಒಂದು ರಿಜಿಸ್ಟರ್. ಶಾಲೆಯ ಹಾಜರಿ ಪುಸ್ತಕದ ಥರದ್ದು. ಸದ್ಯ ಅದರಲ್ಲಿ ಒಂಬತ್ತು ಮಕ್ಕಳಿದ್ದಾರೆ.

ಈ ಹುಡುಗಿಯ ಅಪ್ಪ ನನ್ನ ಹಳೇ ವಿದ್ಯಾರ್ಥಿ. ಹತ್ತನೇ ಕ್ಲಾಸಿನಲ್ಲಿ ಗಣಿತ ಕಲಿಸಿದ್ದೆ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ನನ್ನನ್ನು ಮಿಸ್ ಅನ್ನುತ್ತಾರೆ. ಒಂದು ಎಕರೆ ಹಿಪ್ಪುನೇರಳೆ, ರೇಷ್ಮೆ ಹುಳು ಸಾಕುವ ಒಂದು ಹುಳುಮನೆ, ಎರಡು ಹಸು. ನಮ್ಮ ಸೀಮೆಯಲ್ಲಿ ಇಂಥ ಮನೆಗಳು ಊರಿಗೆ ಹತ್ತಾರು.

ಮೊದಲು ಮಗುವಿಗೆ ಸುಸ್ತು ಅಂತ ಶುರುವಾಗಿತ್ತು. ಆಮೇಲೆ ಬಂದು ಬಂದು ಹೋಗುವ ಜ್ವರ. ಮುಖ ಬಿಳಿಚಿಕೊಂಡಿತ್ತು. ಹತ್ತಿರದ ಕ್ಲಿನಿಕ್ಕೊಂದರಲ್ಲಿ ರಕ್ತ ಕಮ್ಮಿ ಇದೆ ಅಂತ ಟಾನಿಕ್ ಬರೆದುಕೊಟ್ಟರು. ಒಂದು ತಿಂಗಳು ಟಾನಿಕ್ಕೇ ನಡೆಯಿತು. ಕಾಲು ನೋವು ಅಂತ ರಾತ್ರಿ ಅಳುತ್ತಿದ್ದಳಂತೆ. ಬೆಳೆಯೋ ಮಕ್ಕಳಿಗೆ ಹಂಗೇ ಆಗುತ್ತೆ ಅಂತ ಅಜ್ಜಿ ಎಣ್ಣೆ ತಿಕ್ಕುತ್ತಿದ್ದರು. ಎಲ್ಲೂ ಬೀಳದೆ, ಏಟಾಗದೆ ಮೈಮೇಲೆ ನೀಲಿ ಕಲೆ ಎದ್ದಾಗ ಅವಳ ಕ್ಲಾಸ್ ಟೀಚರ್ ಗಾಬರಿಯಾಗಿ ಮನೆಗೇ ಬಂದು ಹೇಳಿದರು. ಒಂದು ಸಾಮಾನ್ಯ ರಕ್ತ ಪರೀಕ್ಷೆ ಮಾಡಿದ್ದೇ, ಅದೇ ದಿನ ಬೆಂಗಳೂರಿಗೆ ಹೋಗಿ ಅಂದರು. ಬಿಳಿಚಿದ ಮುಖ, ಬಿಡದ ಜ್ವರ, ಕಾರಣವಿಲ್ಲದ ನೀಲಿ ಕಲೆ, ಮೂಳೆ ನೋವು. ಈ ನಾಲ್ಕರಲ್ಲಿ ಎರಡು ಒಟ್ಟಿಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಸಿಕ್ಕ ಅಂಗನವಾಡಿ ಟೀಚರ್‌ಗಳಿಗೆಲ್ಲ ಹೇಳುತ್ತಿರುತ್ತೇನೆ. ಹೆಚ್ಚಿನ ಮಕ್ಕಳಲ್ಲಿ ಬೇರೇನೋ ಸಣ್ಣ ಕಾರಣ ಇರುತ್ತದೆ. ಆದರೂ ಒಂದು ಪರೀಕ್ಷೆ ಮಾಡಿಸಿಬಿಡಿ.

ನಮ್ಮ ಕಡೆಯಿಂದ ಜಾಸ್ತಿ ಜನ ಹೋಗುವುದು ಕಿದ್ವಾಯಿಗೆ. 1973ರಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ. ಹಳ್ಳಿಗಳಲ್ಲಿ ಆ ಹೆಸರನ್ನು ಯಾರೂ ಜೋರಾಗಿ ಹೇಳುವುದಿಲ್ಲ. "ಬೆಂಗಳೂರಿಗೆ ತೋರಿಸ್ತಾ ಇದೀವಿ" ಅಂತಷ್ಟೇ. ಮಗುವಿಗೆ ಬಂದಿದ್ದು ಎ.ಎಲ್.ಎಲ್. ಅನ್ನುವ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಶ್ರೀಮಂತ ದೇಶಗಳಲ್ಲಿ ಇದು ಬಂದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಬದುಕುತ್ತಾರೆ. ಈ ಮಾತು ಹೇಳಿದಾಗ ಅವಳಪ್ಪ ನನ್ನ ಮುಖವನ್ನೇ ನೋಡಿದ. "ನಿಜ ಹೇಳ್ತಿದೀರಾ ಮಿಸ್, ಸಮಾಧಾನಕ್ಕೆ ಹೇಳ್ತಿದೀರಾ?" ನಿಜ ಕಣಪ್ಪ ಅಂದೆ. ಆದರೆ ಎರಡು ಎರಡೂವರೆ ವರ್ಷ ಆಸ್ಪತ್ರೆಯ ಒಂದು ತಾರೀಖೂ ತಪ್ಪಿಸಬಾರದು ಅಂತಲೂ ಹೇಳಿದೆ.

ಮೊದಲ ನಾಲ್ಕೈದು ವಾರ ಬಹಳ ಕಷ್ಟ. ಬೆನ್ನಿಗೆ ಸೂಜಿ, ಡ್ರಿಪ್, ರಕ್ತ, ಪ್ಲೇಟ್‌ಲೆಟ್. ಸ್ಟೀರಾಯ್ಡ್ ಕೊಡುವುದರಿಂದ ಮಗುವಿನ ಮುಖ ಊದಿಕೊಂಡು ಗುರುತೇ ಸಿಗುವುದಿಲ್ಲ. ಹಸಿವೋ, ಅಂತಿಂಥದ್ದಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮುದ್ದೆ ಬೇಕು ಅಂತ ಹಟ ಮಾಡಿದ್ದಾಳೆ. ಅವಳಮ್ಮ ಧರ್ಮಶಾಲೆಯ ಅಡುಗೆ ಕೋಣೆಯಲ್ಲಿ ಆ ಹೊತ್ತಿನಲ್ಲಿ ಹಿಟ್ಟು ತೊಳಸಿದ್ದಾಳೆ. ಅಲ್ಲಿದ್ದ ಇನ್ನೊಂದು ಮಗುವಿನ ತಾಯಿ ಎದ್ದು ಬಂದು ಸೊಪ್ಪಿನ ಸಾರು ಬಿಸಿ ಮಾಡಿಕೊಟ್ಟಳಂತೆ. ಆಕೆ ಬೀದರ್ ಕಡೆಯವಳು, ಮುದ್ದೆ ಕಂಡವಳೇ ಅಲ್ಲ.

ಕೊಡುವ ಔಷಧಿಗಳಲ್ಲಿ ವಿನ್‌ಕ್ರಿಸ್ಟಿನ್ ಅಂತ ಒಂದಿದೆ. ಅದು ಬಂದಿದ್ದು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಕಾಶಿಕಣಗಿಲೆ ಅಂತಲೂ ಕರೆಯುತ್ತಾರಲ್ಲ, ನೇರಳೆಯೋ ಬಿಳಿಯೋ ಐದೆಸಳಿನ ಹೂವು, ಅದೇ. ಔಷಧಿಯಾಗಿ ಬಂದಿದ್ದು 1963ರಲ್ಲಿ. ರಾಶಿ ರಾಶಿ ಎಲೆಯಿಂದ ಚಿಟಿಕೆಯಷ್ಟು ಸಿಗುವ ವಸ್ತು. ಇದನ್ನು ಕೇಳಿ ಅವಳಪ್ಪ ತುಂಬಾ ಹೊತ್ತು ಸುಮ್ನೆ ಇದ್ದ. ಎಲೆ ನಂಬಿ ಬದುಕುವವನು ಅವನು. ಊರಿಗೆ ಹೋದಾಗ ಮನೆ ಮುಂದಿನ ನಿತ್ಯಪುಷ್ಪದ ಗಿಡಕ್ಕೆ ಒಂದು ಕೊಡ ನೀರು ಹಾಕಿ ಬಂದೆ ಅಂತ ಆಮೇಲೆ ಹೇಳಿದ. ಆ ಗಿಡದ ಎಲೆಯನ್ನು ಹಾಗೇ ಅರೆದು ಮಗುವಿಗೆ ಕುಡಿಸಬಾರದು ಅಂತ ನಾನು ಮತ್ತೆ ಮತ್ತೆ ಎಚ್ಚರಿಸಿದೆ. ಅದು ವಿಷ. ಆಸ್ಪತ್ರೆಯಲ್ಲಿ ಅಳೆದು ಕೊಟ್ಟರೆ ಮಾತ್ರ ಔಷಧಿ.

ಈಗ ಜ್ವರದ ವಿಷಯ. ಇದನ್ನು ನಾನು ಅವನಿಂದ ಕಲಿತೆ.

ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹುಳು ಜ್ವರಕ್ಕೆ ಕೂತಾಗ ತಲೆ ಮೇಲೆತ್ತಿ ಅಲ್ಲಾಡದೆ ಇರುತ್ತದೆ. ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಮ್ನೆ ಬಿಟ್ಟರೆ ತಾನೇ ಎದ್ದು ತಿನ್ನಲು ಶುರು ಮಾಡುತ್ತದೆ. ಅಂದರೆ ಈ ಮನುಷ್ಯನ ಬದುಕಿನಲ್ಲಿ ಜ್ವರ ಅಂದರೆ ಕಾಯಬೇಕಾದ ಹೊತ್ತು. ಚಿಕ್ಕಂದಿನಿಂದ ಅವನ ಕೈಗೆ, ಕಣ್ಣಿಗೆ ಕೂತ ಪಾಠ ಅದು. ಮಗಳ ಜ್ವರಕ್ಕೆ ಮಾತ್ರ ಒಂದು ನಿಮಿಷವೂ ಕಾಯಬೇಡ ಅಂತ ಹೇಳಿಕೊಡುವುದು ನಮಗೆ ಬಾಕಿಯಿತ್ತು.

ಮೊದಲ ಸಲ ಡಿಸ್ಚಾರ್ಜ್ ಆಗಿ ಊರಿಗೆ ಬಂದಾಗ ನಾವು ಮೂವರು ಅವರ ಮನೆಗೆ ಹೋಗಿ ಆಸ್ಪತ್ರೆಯವರು ಕೊಟ್ಟ ಸೂಚನೆಗಳನ್ನು ಓದಿ ಹೇಳುತ್ತಿದ್ದೆವು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರಬಾರದು. ನೆಗಡಿ ಇದ್ದವರು ಮಗುವಿನ ಹತ್ತಿರ ಹೋಗಬಾರದು. ಕುದಿಸಿ ಆರಿಸಿದ ನೀರು, ಆಗತಾನೇ ಮಾಡಿದ ಬಿಸಿ ಅಡುಗೆ. ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡ. ಹಾಸಿಗೆ, ಟವಲ್ ಬೇರೆ. ಅವನು ತಲೆ ಬಗ್ಗಿಸಿ ಕೇಳುತ್ತಿದ್ದ. ಅರ್ಧಕ್ಕೇ ತಲೆ ಎತ್ತಿ ಹೆಂಡತಿಗೆ ಹೇಳಿದ:

"ಹುಳುಮನೆ ಕಣೇ. ಹುಳುಮನೆ ಹೆಂಗೆ ನೋಡ್ಕೋತೀವೋ ಹಂಗೆ."

ನಾವು ಅಲ್ಲಿಗೇ ಓದುವುದು ನಿಲ್ಲಿಸಿದೆವು. ಹುಳು ಎದ್ದಿರುವ ಮನೆಗೆ ಯಾರನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರು, ಅದರಲ್ಲಿ ಕಾಲಿಟ್ಟೇ ಒಳಗೆ ಹೋಗಬೇಕು. ಕೈ ತೊಳೆಯದೆ ಸೊಪ್ಪು ಮುಟ್ಟುವ ಹಾಗಿಲ್ಲ. ಒಂದು ತಟ್ಟೆಗೆ ಹಾಲುತೊಂಡೆ ರೋಗ ಬಂದರೆ, ಸುಣ್ಣಕಟ್ಟು ರೋಗ ಬಂದರೆ, ಇಡೀ ಬೆಳೆ ಹೋಗುತ್ತದೆ ಅನ್ನುವುದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅವರ ಅಜ್ಜಿಯಂತೂ ಅವತ್ತಿನಿಂದ ಮನೆ ಬಾಗಿಲಲ್ಲಿ ಸೋಪು, ಬಕೆಟ್ ಇಟ್ಟು ಕಾವಲು ಕೂತರು. ನೋಡಲು ಬಂದ ನೆಂಟರನ್ನೆಲ್ಲ ಜಗಲಿಯಿಂದಲೇ ಕಾಫಿ ಕೊಟ್ಟು ಕಳಿಸಿದರು. ಯಾರೋ ಬೇಜಾರು ಮಾಡಿಕೊಂಡರಂತೆ. ಮಾಡಿಕೊಳ್ಳಲಿ.

ಜ್ವರದ ಮಾತನ್ನೂ ಅವತ್ತೇ ಅವನ ಭಾಷೆಯಲ್ಲೇ ಹೇಳಿದೆವು. ಹುಳುವಿಗೆ ಜ್ವರ ಬಂದರೆ ಮುಟ್ಟಬೇಡ. ಮಗಳಿಗೆ ಬಂದರೆ ಅದು ಹಾಲುತೊಂಡೆ ಅಂದುಕೋ, ಆ ಕ್ಷಣ ಏಳು. ಆದರೂ ಆ ಮಳೆಗಾಲದ ರಾತ್ರಿ ಅವನ ಬಾಯಲ್ಲಿ ಬಂದಿದ್ದು ಬೆಳಗ್ಗೆವರೆಗೂ ನೋಡೋಣ ಅನ್ನುವ ಮಾತೇ. ಹೆಂಡತಿ ಅವನನ್ನು ಬದಿಗೆ ಸರಿಸಿ ನನಗೆ ಫೋನ್ ಮಾಡಿದಳು. ಅವರು ಆಸ್ಪತ್ರೆ ತಲುಪಿದಾಗ ರಾತ್ರಿ ಒಂದೂವರೆ. ಒಂಬತ್ತು ದಿನ ಒಳಗಿದ್ದಳು. ವಾಪಸ್ ಬಂದಳು.

ದುಡ್ಡಿನ ವಿಷಯ ಹೇಳಲೇಬೇಕು. ನಮ್ಮ ಗುಂಪಿಗೆ ಸಹಾಯ ಮಾಡಲು ಬರುವವರು ಮೊದಲು ಕೇಳುವುದು, ಆಪರೇಷನ್‌ಗೆ ಎಷ್ಟು ಬೇಕು, ಇಂಜೆಕ್ಷನ್‌ಗೆ ಎಷ್ಟು ಬೇಕು ಅಂತ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಆಧಾರ್, ಕಾರ್ಡು ಸರಿಯಾಗಿದ್ದರೆ ದೊಡ್ಡ ಖರ್ಚು ಅಲ್ಲೇ ಮುಗಿಯುತ್ತದೆ. ಚೀಟಿಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಓಡಾಟ. ಅದನ್ನು ಸರಿ ಮಾಡಿಸುವುದರಲ್ಲಿ ನಮ್ಮ ಇನ್ನೊಬ್ಬ ಟೀಚರ್ ಈಗ ಪಳಗಿದ್ದಾರೆ.

ಉಳಿದ ಖರ್ಚು ಯಾವ ಯೋಜನೆಯ ಪಟ್ಟಿಯಲ್ಲೂ ಬರುವುದಿಲ್ಲ. ತಾಯಿ ಒಂದು ತಿಂಗಳು ಬೆಂಗಳೂರಿನಲ್ಲಿ ಕೂತರೆ ಹಸು ಕರೆಯುವವರು ಯಾರು? ಡೇರಿಗೆ ಹಾಲು ಹೋಗದಿದ್ದರೆ ಬಟವಾಡೆ ಇಲ್ಲ. ಬಟವಾಡೆ ಇಲ್ಲದಿದ್ದರೆ ಅಂಗಡಿ ಲೆಕ್ಕ ತೀರುವುದಿಲ್ಲ, ಸಂಘದ ಸಾಲದ ಕಂತು ಕಟ್ಟುವುದಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಆದದ್ದು ಈ ತಾಯಂದಿರಿಗೆ ದೊಡ್ಡ ಆಸರೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕೌಂಟ್ ಬಿದ್ದ ಮಗುವನ್ನು ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಕೂರಿಸುವ ಹಾಗಿಲ್ಲ. ಅವತ್ತು ಗಾಡಿಯೇ ಬೇಕು. ಮೆಜೆಸ್ಟಿಕ್‌ನಿಂದ ಆಟೋಗೆ 200 ರೂಪಾಯಿ ಕೇಳಿದರೆ ಕೊಡಲೇಬೇಕು. ವಾಂತಿ ಮಾಡುವ ಮಗುವನ್ನು ಎತ್ತಿಕೊಂಡು ಚೌಕಾಸಿ ಮಾಡಲಾಗುತ್ತದಾ?

ನಮ್ಮ ರಿಜಿಸ್ಟರ್‌ನಲ್ಲಿರುವುದೆಲ್ಲ ಇಂಥವೇ. ಗಾಡಿ ಬಾಡಿಗೆ. ಥರ್ಮಾಮೀಟರ್. ಮೊಟ್ಟೆ. ಮನೆಯಲ್ಲಿ ಉಳಿದ ಅಣ್ಣನ ಶಾಲೆ ಫೀಸು. ಹಸು ಕರೆಯಲು ಪಕ್ಕದ ಮನೆಯವಳಿಗೆ ಕೂಲಿ. ಪ್ಲೇಟ್‌ಲೆಟ್ ಕೊಡಲು ಹೊರಟ ಇಬ್ಬರು ಹುಡುಗರ ಊಟ. ಪ್ಲೇಟ್‌ಲೆಟ್ಟನ್ನು ಐದು ದಿನಕ್ಕಿಂತ ಜಾಸ್ತಿ ಇಡಲಾಗುವುದಿಲ್ಲ. ಹಾಗಾಗಿ ಬೇಕೆಂದಾಗ ಜನ ಹೋಗಲೇಬೇಕು. ನಮ್ಮೂರ ಹೂವಿನ ಮಾರುಕಟ್ಟೆಯ ಹುಡುಗರು ಬೆಳಗಿನ ವ್ಯಾಪಾರ ಮುಗಿಸಿ, ಚೆಂಡು ಹೂವಿನ ಬಣ್ಣ ಹತ್ತಿದ ಅಂಗಿಯಲ್ಲೇ ಬಸ್ಸು ಹತ್ತಿದ್ದಿದೆ.

ರಿಜಿಸ್ಟರ್ ಶುರುವಾಗಿದ್ದು ಒಬ್ಬ ಹುಡುಗನಿಂದ. ಅವನ ಬಗ್ಗೆ ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ.

ಗುಡಿಬಂಡೆ ಕಡೆಯವನು. ನಾವು ಗುಂಪು ಮಾಡಿಕೊಂಡ ಮೇಲೆ ಸಹಾಯ ಮಾಡಿದ ಮೊದಲ ಮಗು. ಆಗ ನಮಗೆ ಏನೂ ಗೊತ್ತಿರಲಿಲ್ಲ. ಒಂದು ಸಣ್ಣ ಸಭೆ ಮಾಡಿ, ಶಾಲು ಹೊದಿಸಿ, ಅವರಪ್ಪನ ಕೈಗೆ ಕವರ್ ಕೊಟ್ಟು ಫೋಟೋ ತೆಗೆಸಿಕೊಂಡೆವು. ಹುಡುಗ ಕೂದಲಿಲ್ಲದ ತಲೆಗೆ ಟೋಪಿ ಹಾಕಿಕೊಂಡು ನೆಲ ನೋಡುತ್ತಾ ನಿಂತಿದ್ದ. ಆ ಫೋಟೋ ಊರಿನವರ ಮೊಬೈಲ್‌ಗಳಿಗೆಲ್ಲ ಹೋಯಿತು. ಅಲ್ಲಿಯವರೆಗೆ ಅವರು ಯಾರಿಗೂ ಹೇಳಿರಲಿಲ್ಲವಂತೆ. ಅವನ ಜೊತೆ ಆಡಲು ಬರುತ್ತಿದ್ದ ಮಕ್ಕಳನ್ನು ತಂದೆ ತಾಯಿಗಳು ತಡೆದರು. ಅಂಟುವ ಕಾಯಿಲೆ ಅಂದುಕೊಂಡರು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಾವು ಆ ಊರಿನಲ್ಲಿ ಮೊದಲು ಆ ಮಾತು ಹೇಳಬೇಕಿತ್ತು.

ಆದರೂ ಚಿಕಿತ್ಸೆ ಚೆನ್ನಾಗೇ ನಡೆಯಿತು. ಎಂಟು ಒಂಬತ್ತು ತಿಂಗಳಿಗೆ ಕೂದಲು ಬಂತು. ಮೆಂಟೆನೆನ್ಸ್ ಅನ್ನುವ ಹಂತಕ್ಕೆ ಬಂದ. ಈ ಹಂತದಲ್ಲಿ ಮಗು ಮನೆಯಲ್ಲೇ ಇರುತ್ತದೆ. ದಿನಾ ಒಂದು ಮಾತ್ರೆ, ವಾರಕ್ಕೊಮ್ಮೆ ಇನ್ನೊಂದು, ಆಗಾಗ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ. ನೋಡಿದವರಿಗೆ ಮಗುವಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಕಣ್ಣಿಗೆ, ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕೆಟ್ಟ ಕಣಗಳು ಉಳಿದಿರಬಹುದು. ಆ ಮಾತ್ರೆ ಅದಕ್ಕೇ.

ಹುಡುಗ ಓಡಾಡುತ್ತಿದ್ದಾನೆ ಅಂತ ನಾವೂ ಖುಷಿಯಲ್ಲಿದ್ದೆವು. ಬೇರೆ ಮಕ್ಕಳ ಕಡೆ ಗಮನ ಹೋಯಿತು. ಮುಂದಿನ ತಾರೀಖು ಯಾವುದು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅವರ ಮನೆಯಲ್ಲಿ ಕೈಸಾಲ ಬೆಳೆದಿತ್ತು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಒಂದು ದಿನ ಹೋದರೆ ಎರಡು ಕೂಲಿ ನಷ್ಟ. ಒಂದು ತಾರೀಖು ಬಿಟ್ಟರು. ಏನೂ ಆಗಲಿಲ್ಲ. ಇನ್ನೊಂದು ಬಿಟ್ಟರು. ಮಾತ್ರೆ ಮುಗಿಯಿತು, ತರಲಿಲ್ಲ. ಐದು ತಿಂಗಳ ಮೇಲೆ ಅವನ ಅಮ್ಮ ಫೋನ್ ಮಾಡಿದಾಗ ಹುಡುಗನಿಗೆ ಮತ್ತೆ ಜ್ವರ, ಮತ್ತೆ ನೀಲಿ ಕಲೆ. ಕಾಯಿಲೆ ಮರಳಿತ್ತು. ಮರಳಿ ಬಂದದ್ದು ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅವನು ಉಳಿಯಲಿಲ್ಲ.

ಅವರ ಮನೆಗೆ ಹೋದಾಗ ಅವನಮ್ಮ ಹೇಳಿದ ಮಾತು: "ಆಟ ಆಡ್ತಿದ್ನಲ್ಲ ಮೇಡಂ." ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬರುವಾಗ ಪೇಟೆಯಲ್ಲಿ ಇಳಿದು ಆ ರಿಜಿಸ್ಟರ್ ಕೊಂಡುಕೊಂಡೆ. ಅವನ ಹೆಸರು ಮೊದಲ ಪುಟದಲ್ಲಿದೆ. ಅದರ ಮುಂದಿನ ಕಾಲಂ ಖಾಲಿ ಇದೆ.

ಬಡ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 30 ಮಕ್ಕಳೂ ಉಳಿಯುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. 2030ರ ಹೊತ್ತಿಗೆ ಎಲ್ಲ ಕಡೆ ಕನಿಷ್ಠ 60 ಆಗಬೇಕು ಅಂತ 2018ರಲ್ಲಿ ಅವರು ಗುರಿ ಇಟ್ಟುಕೊಂಡರು. ಈ ಅಂತರಕ್ಕೆ ಅವರು ಕೊಡುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದು. ಅದನ್ನು ಮೊದಲ ಸಲ ಓದಿದಾಗ ನನಗೆ ಆ ಟೋಪಿ ಹುಡುಗನೇ ಕಣ್ಣ ಮುಂದೆ ಬಂದ. ಬಿಟ್ಟುಬಿಟ್ಟರು ಅನ್ನುವ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅವರು ಬಿಡಲಿಲ್ಲ, ಅವರಿಗೆ ಸಾಕಾಗಿ ಹೋಗಿತ್ತು. ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇದ್ದ ನಾವು ನೋಡಲಿಲ್ಲ.

ಅಂದಿನಿಂದ ನಾವು ಫೋಟೋ ತೆಗೆಯುವುದಿಲ್ಲ. ಕವರ್ ಕೊಡುವುದಿಲ್ಲ. ತಾರೀಖು ಕೇಳುತ್ತೇವೆ. ತಾರೀಖಿಗೆ ಮೂರು ದಿನ ಮೊದಲು ಒಂದು ಫೋನ್, ಹಿಂದಿನ ದಿನ ಇನ್ನೊಂದು. ಆವತ್ತು ಯಾರು ಜೊತೆಗೆ ಹೋಗುತ್ತಾರೆ, ಮನೆಯಲ್ಲಿ ಯಾರಿರುತ್ತಾರೆ, ಹಸು ಯಾರು ನೋಡುತ್ತಾರೆ, ಎಲ್ಲ ಕೇಳುತ್ತೇವೆ. ನಮ್ಮ ಮೆಡಿಕಲ್ ಸ್ಟೋರ್‌ನವರು ವಾರದ ಮಾತ್ರೆಯನ್ನು ಬೇರೆ ಕವರಿಗೆ ಹಾಕಿ, ಮೇಲೆ ಕೆಂಪು ಪೆನ್ನಿನಲ್ಲಿ ವಾರದ ಹೆಸರು ಬರೆದುಕೊಡುತ್ತಾರೆ. ವಾರಕ್ಕೊಂದು ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನಾ ಕೊಟ್ಟುಬಿಟ್ಟರೆ ಪ್ರಾಣಕ್ಕೇ ಕುತ್ತು. ಓದು ಬಾರದ ತಾಯಿಗೆ ಅವರು ಕವರಿನ ಮೇಲೆ ಸಂತೆಯ ಬುಟ್ಟಿ ಬರೆದುಕೊಟ್ಟಿದ್ದಾರೆ. ಅವರೂರಿನ ಸಂತೆಯ ದಿನವೇ ಮಾತ್ರೆಯ ದಿನ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ತಾರೀಖು ತಪ್ಪಿಸದೆ ಹೋದ ಇಬ್ಬರು ಮಕ್ಕಳನ್ನೂ ನಾವು ಕಳೆದುಕೊಂಡಿದ್ದೇವೆ. ಆ ಮನೆಗಳಿಗೂ ನಾನು ಫೋನ್ ಮಾಡುತ್ತೇನೆ. ಮಗು ಇದ್ದಷ್ಟು ದಿನ ಎಲ್ಲರ ಫೋನ್ ಬರುತ್ತಿರುತ್ತದೆ, ಆಮೇಲೆ ಒಮ್ಮೆಲೇ ನಿಂತುಹೋಗುತ್ತದೆ. ಅದು ತಾಯಂದಿರಿಗೆ ತುಂಬಾ ಚುಚ್ಚುತ್ತದೆ ಅಂತ ಒಬ್ಬಳು ಹೇಳಿದ್ದಳು. ಏನು ಮಾತಾಡುವುದು ಅಂತ ತೋಚದಿದ್ದರೆ ಮಳೆ ಬಂತಾ ಅಂತ ಕೇಳುತ್ತೇನೆ.

ಶಿಡ್ಲಘಟ್ಟದ ಹುಡುಗಿ ಈಗ ಮೆಂಟೆನೆನ್ಸ್‌ನಲ್ಲಿದ್ದಾಳೆ. ಎರಡು ಜುಟ್ಟು ಹಾಕುವಷ್ಟು ಕೂದಲು ಬಂದಿದೆ. ಶಾಲೆಗೂ ಹೋಗುತ್ತಾಳೆ. ಅಂದರೆ ನಾವು ಹೆಚ್ಚು ಎಚ್ಚರವಾಗಿರಬೇಕಾದ ಕಾಲ ಇದು. ಹೋದ ಸೋಮವಾರ ತಾರೀಖು ನೆನಪಿಸಲು ಫೋನ್ ಮಾಡಿದೆ. ಅವಳಪ್ಪ ಹಿಂದೆ ಮುಂದೆ ನೋಡಿದ.

"ಮಿಸ್, ಹುಳು ನಾಲ್ಕನೇ ಜ್ವರ ಎದ್ದೈತೆ. ಗುರುವಾರ ಅಂದ್ರೆ... ಒಂದು ವಾರ ಮುಂದಕ್ಕೆ ಹಾಕಿದ್ರೆ ಆಗಲ್ವಾ?"

ನಾಲ್ಕನೇ ಜ್ವರ ಎದ್ದ ಹುಳು ಒಂದು ವಾರ ಬಕಾಸುರನ ಹಾಗೆ ತಿನ್ನುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಹೆಚ್ಚಿನ ಪಾಲು ಆ ಒಂದು ವಾರಕ್ಕೇ. ಇಬ್ಬರೂ ಮನೆ ಬಿಟ್ಟರೆ ಸೊಪ್ಪು ಕೊಯ್ಯುವವರಿಲ್ಲ, ಹಾಕುವವರಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆ ಗೂಡು ಮಾರಿದರೇ ಅವರ ಮುಂದಿನ ಎರಡು ತಿಂಗಳು.

"ಆಗಲ್ಲ ಕಣಪ್ಪ. ಇರು, ಹತ್ತು ನಿಮಿಷ ಕೊಡು" ಅಂದೆ.

ಹತ್ತು ನಿಮಿಷ ಅಂದಿದ್ದು ಒಂದೂವರೆ ಗಂಟೆ ಆಯಿತು. ಐದು ಫೋನ್. ಆಮೇಲೆ ರಿಜಿಸ್ಟರ್ ತೆಗೆದು ಬರೆದೆ:

ಗುರುವಾರ. ರಕ್ತ ಪರೀಕ್ಷೆ, ಮಾತ್ರೆ. ಬೆಳಗ್ಗೆ 5ಕ್ಕೆ ಗಾಡಿ. ಅಮ್ಮ, ಅಜ್ಜಿ ಹೋಗುತ್ತಾರೆ. ಅಪ್ಪ ಹುಳುಮನೆಯಲ್ಲಿ. ಸೊಪ್ಪು ಕೊಯ್ಯಲು ಹೂವಿನ ಮಾರುಕಟ್ಟೆಯ ಇಬ್ಬರು ಹುಡುಗರು, ಕೈಕಾಲು ತೊಳೆದೇ ಒಳಗೆ ಹೋಗಬೇಕು ಅಂತ ಹೇಳಿದೆ. ಹಸು ಪಕ್ಕದ ಮನೆಯವರು. ಮಧ್ಯಾಹ್ನ 2ಕ್ಕೆ ಫೋನ್ ಮಾಡಿ ಕೌಂಟ್ ಕೇಳುವುದು.